ಬೆನ್ನ ಹಿಂದಿನ ಗಾಳಿ

"ಗೇರ್ ಬಿಡಿ ಮಾವ, ಈಗ!" ಎಂದಳು ಪಕ್ಕದಲ್ಲಿ ಕುಳಿತಿದ್ದ ಸೊಸೆ.

ಮಾವ ಲಾರಿಯನ್ನು ನ್ಯೂಟ್ರಲ್‌ಗೆ ತಂದು ಕಾಲೆರಡನ್ನೂ ಹಿಂದಕ್ಕೆಳೆದುಕೊಂಡರು. ಇನ್ನು ಲಾರಿ ತಾನೇ ಉರುಳಿ ತಾನೇ ನಿಲ್ಲಬೇಕು. ದೂರ ಹೋದಷ್ಟೂ ಗಾಳಿ ಅದನ್ನು ಕಡಿಮೆ ಹಿಡಿದೆಳೆಯುತ್ತಿದೆ ಎಂದು ಲೆಕ್ಕ. ಜೀವಮಾನವೆಲ್ಲ ಲಾರಿ ಓಡಿಸಿದ ಮನುಷ್ಯನಿಗೆ ಈಗ ಸುಮ್ಮನೆ ಕೂರುವುದಕ್ಕೆ ಸಂಬಳ! ಈ ಪರೀಕ್ಷಾ ರಸ್ತೆಗೆ ಅವರನ್ನು ಕರೆತಂದವಳೂ ಎಂಜಿನಿಯರ್ ಸೊಸೆಯೇ.

ಗಾಳಿಯ ಎಳೆತ ತಗ್ಗಿ ಡೀಸೆಲ್ ಉಳಿಯಲೆಂದು ಲಾರಿಯ ಹಿಂಬದಿಗೆ ಅವಳು ದೋಣಿಯ ತುದಿಯಂಥ ಬಾಲವೊಂದನ್ನು ಕೂರಿಸಿದ್ದಳು. ಅದಕ್ಕಾಗಿ ವರ್ಷಗಟ್ಟಲೆ ನಿದ್ದೆಗೆಟ್ಟಿದ್ದಳು. ಬಾಲವಿಲ್ಲದ ಲಾರಿ ನಿನ್ನೆ ಎರಡೂ ದಿಕ್ಕಿಗೆ ಉರುಳಿ ನಿಂತ ಕಡೆ ಕೆಂಪು ಬಾವುಟ ನೆಟ್ಟಿದ್ದರು. ಅವನ್ನು ಚೆನ್ನಾಗಿ ದಾಟಿದರೆ ಬಾಲ ಎಲ್ಲ ಲಾರಿಗೂ ಬರುತ್ತದೆ, ಇಲ್ಲದಿದ್ದರೆ ಗುಜರಿಗೆ. ತೀರ್ಮಾನ ಇವತ್ತೇ.

ಬಾವುಟ ಬಂತು, ಹಿಂದೆ ಹೋಯಿತು. ಲಾರಿ ಇನ್ನೂ ಉರುಳುತ್ತಲೇ ಇತ್ತು.

"ಅಬ್ಬಬ್ಬಾ, ನಿಲ್ಲೋ ಲಕ್ಷಣಾನೇ ಇಲ್ವಲ್ಲ!" ಎಂದು ಮಾವ ಸ್ಟಿಯರಿಂಗ್ ಬಡಿದರು.

ಕೊನೆಗೆ ನಿಂತಾಗ ಮ್ಯಾನೇಜರ್ ಜೀಪಿನಲ್ಲಿ ಬಂದ. "ಸಾಕಮ್ಮ, ಗೆದ್ದೆ. ಮಳೆ ಬರೋ ಹಾಗಿದೆ, ಹೊರಡೋಣ."

ಸೊಸೆ ಇಳಿದು ರಸ್ತೆಬದಿಯ ಹುಲ್ಲು ನೋಡಿದಳು. ಅದು ಮುಂದಕ್ಕೆ ಬಾಗಿತ್ತು. "ಗಾಳಿ ಎದ್ದಿದೆ ಸಾರ್, ಹಿಂದಿನಿಂದ ತಳ್ಳಿದೆ. ವಾಪಸ್ಸೂ ಓಡಿಸಿ ಸರಾಸರಿ ತಗೋಬೇಕು."

"ಯಾರಮ್ಮ ಕೇಳ್ತಾರೆ ಈಗ?"

"ನಾನು ಕೇಳ್ತೀನಿ."

"ಕೈಗೆ ಬಂದ ತುತ್ತು ಕಣಮ್ಮ," ಎಂದರು ಮಾವ ಮೆಲ್ಲಗೆ. ಅವಳು ಆಗಲೇ ಸೀಟಿಗೆ ಹತ್ತಿಯಾಗಿತ್ತು.

ವಾಪಸ್ಸು ಬರುವಾಗ ಗಾಳಿ ಎದುರಿಗೆ. ಮಾವ ಎದೆಯನ್ನು ಸ್ಟಿಯರಿಂಗಿಗೆ ತಾಗಿಸಿ ಮುಂದಕ್ಕೆ ಬಾಗಿದರು.

"ನೀವು ಬಗ್ಗಿದ್ರೆ ಲಾರಿ ಓಡುತ್ತಾ ಮಾವ?" ಸೊಸೆ ನಕ್ಕಳು. ಕಣ್ಣು ಮಾತ್ರ ರಸ್ತೆಯ ಮೇಲೇ ಇತ್ತು.

ಈ ದಿಕ್ಕಿನ ಬಾವುಟ ಇನ್ನೂ ದೂರವಿರುವಾಗಲೇ ಲಾರಿ ನಿಂತುಬಿಟ್ಟಿತು. ಎರಡನ್ನೂ ಕೂಡಿಸಿ ಅರ್ಧ ಮಾಡಿದರೆ ಬಾಲದಿಂದ ಬಂದ ಲಾಭ ಹೇಳಿಕೊಳ್ಳುವಷ್ಟಿರಲಿಲ್ಲ. ಮ್ಯಾನೇಜರ್ ತಲೆಯಾಡಿಸಿ ಹೊರಟುಹೋದ. ಸೊಸೆ ಕಣ್ಣೊರೆಸಿಕೊಂಡು ಸ್ಪ್ಯಾನರ್ ಎತ್ತಿ ಬಾಲದ ಬೋಲ್ಟು ಬಿಚ್ಚತೊಡಗಿದಳು. ಮಾವ ಇನ್ನೊಂದು ತುದಿ ಹಿಡಿದರು. ಇಳಿಜಾರಿನಲ್ಲಿ ಓಡಿಸಿ ಮೀಸೆ ತಿರುವುವ ಡ್ರೈವರುಗಳನ್ನು ಅವರು ಬೇಕಾದಷ್ಟು ಕಂಡಿದ್ದರು. ಗೆದ್ದು ನಿಂತಮೇಲೂ ವಾಪಸ್ಸು ಹೊರಟವಳನ್ನು ಕಂಡದ್ದು ಇದೇ ಮೊದಲು. ನನ್ನ ಮಗ ಏನು ಪುಣ್ಯ ಮಾಡಿದ್ದನೋ ಎಂದುಕೊಂಡರು.

ಗೇಟಿನಲ್ಲಿ ಕಾವಲುಗಾರ ಕೇಳಿದ: "ಏನ್ ಯಜಮಾನ್ರೇ, ಗೆದ್ರಾ?"

ಮಾವ ಲಾರಿ ನಿಲ್ಲಿಸಿ ಕಿಟಕಿಯಿಂದ ತಲೆ ಹೊರಹಾಕಿದರು. "ಇಲ್ಲ! ನನ್ನ ಸೊಸೆ ಸೋತ್ಲು!" ಎಂದು ಮೈದಾನಕ್ಕೆಲ್ಲ ಕೇಳುವಂತೆ ಕೂಗಿದರು.

ಕಾವಲುಗಾರ ಏನೂ ತಿಳಿಯದೆ ಎದ್ದುನಿಂತು, ಸಲಾಂ ಹೊಡೆದು, ಗೇಟು ತೆರೆದ.