ಮೂರು ಸಾವಿರ ಕರಿಕೂದಲು

ಬಣ್ಣದಂಗಡಿಯ ಯಜಮಾನನ ಕಣ್ಣು ಅಂತಿಂಥ ಕಣ್ಣಲ್ಲ. ಬಿಳಿಯೊಂದರಲ್ಲೇ ನಾನೂರ ಹನ್ನೆರಡು ಬಗೆ ಗುರುತಿಸುತ್ತಿದ್ದ. ಸಾಸಿವೆ ಗಾತ್ರದ ಬಣ್ಣದ ಚಕ್ಕೆ ಕೈಗಿಟ್ಟರೆ ಸಾಕು, ಇದು ಯಾವ ಬೀದಿಯ ಯಾವ ಗೋಡೆಯದು, ಆ ಮನೆಯಲ್ಲಿ ಸೊಸೆ ಅತ್ತೆಗೆ ಎದುರು ಮಾತಾಡುತ್ತಾಳೋ ಇಲ್ಲವೋ ಎಂಬುದನ್ನೂ ಹೇಳಿಬಿಡುತ್ತಿದ್ದ. ಅಂಥ ಕಣ್ಣಿಗೆ ಕಾಣದೇ ಹೋದ ಜಾಗ ಇಡೀ ಭೂಮಂಡಲದಲ್ಲಿ ಒಂದೇ ಒಂದು: ಅವನದೇ ನೆತ್ತಿ.

ನೆತ್ತಿ ಬೋಳಾದದ್ದು ಅವನಿಗೆ ಅಂಥ ದೊಡ್ಡ ದುಃಖವೇನೂ ಆಗಿರಲಿಲ್ಲ. ಷಡ್ಡಕನ ನೆತ್ತಿಯೂ ಬೋಳಾಗಿತ್ತಲ್ಲ! ಹೆಂಡತಿಯ ತಂಗಿಯ ಗಂಡ, ಶಾಲೆಯಲ್ಲಿ ಭೂಗೋಳ ಕಲಿಸುವ ಮೇಷ್ಟ್ರು. ಅತ್ತೆಮನೆಯ ಪಡಸಾಲೆಯಲ್ಲಿ ತೂಗುತ್ತಿದ್ದ ಫೋಟೋದಲ್ಲಿ ಇಬ್ಬರು ಅಳಿಯಂದಿರ ತಲೆಗಳೂ ಜೋಡಿ ತಟ್ಟೆಗಳ ಹಾಗೆ ಹೊಳೆಯುತ್ತಿದ್ದವು. ಸಮಾನ ದುಃಖ ಅರ್ಧ ಸುಖ ಎಂದು ಯಜಮಾನ ಹಾಯಾಗಿದ್ದ. ಹೀಗಿರುವಾಗ ಮೇಷ್ಟ್ರು ಕೂದಲು ನಾಟಿ ಮಾಡಿಸಿಕೊಳ್ಳಲು ಹೊರಟ ಸುದ್ದಿ ಬಂತು. ಯಜಮಾನ ಅದೇ ವಾರ, ಅದೇ ಡಾಕ್ಟರ ಬಳಿ ಓಡಿದ. ಮೇಷ್ಟ್ರು ಸಾವಿರದ ಆರುನೂರು ಬೇರು ನೆಡಿಸಿಕೊಂಡರೆ ಇವನು ಮೂರು ಸಾವಿರ ನೆಡಿಸಿಕೊಂಡ.

ಹತ್ತು ತಿಂಗಳಾದ ಮೇಲೆ ಎಲ್ಲರೂ ಅತ್ತೆಮನೆಯಲ್ಲಿ ಸೇರಿದರು. ಅತ್ತೆ ಕನ್ನಡಕ ಏರಿಸಿಕೊಂಡು ಮೇಷ್ಟ್ರ ತಲೆಯನ್ನು ಸವರಿ ನೋಡಿದಳು. "ಅಯ್ಯೋ, ಎಷ್ಟು ಒತ್ತಾಗಿ ಬಂದಿದೆ ಅಳಿಯಂದ್ರೇ! ಹಣಿಗೆ ಹಾಕಿದ್ರೆ ಮುರಿದೇ ಹೋಗುತ್ತೆ." ಆಮೇಲೆ ದೊಡ್ಡಳಿಯನ ತಲೆಯತ್ತ ನೋಡಿ, ಕಾಯಿಲೆಯವರನ್ನು ಕೇಳುವ ದನಿಯಲ್ಲಿ, "ನಿಮ್ಮದು ಇನ್ನೂ ಬರ್ತಾ ಇದೆ ಅಲ್ವಾ?" ಎಂದಳು.

ಬರುವುದೇನು, ಬಂದೇ ಮುಗಿದಿತ್ತು. ಮೂರು ಸಾವಿರವೂ ಕಡುಗಪ್ಪಾಗಿ ನೆಟ್ಟಗೆ ನಿಂತಿದ್ದವು. ಆದರೂ ಸಂದಿ ಸಂದಿಯಲ್ಲಿ ನೆತ್ತಿ ಇಣುಕಿ ಎಲ್ಲರಿಗೂ ಕೈಬೀಸುತ್ತಿತ್ತು. ಮೇಷ್ಟ್ರ ತಲೆಯೋ, ಬೂದಿ ಬಣ್ಣದ ಕಂಬಳಿ ಹೊದ್ದ ಹಾಗಿತ್ತು.

"ಮುಂದಿನ ತಿಂಗಳು ಫೋಟೋದವನನ್ನ ಕರೆಸ್ತೀನಿ. ಆ ಹಳೇದು ತೆಗೆದು ಹೊಸದು ಹಾಕೋಣ. ನಾನಿರೋ ತನಕ ಅದೇ ಇರಲಿ," ಎಂದಳು ಅತ್ತೆ.

ಯಜಮಾನನ ಹೊಟ್ಟೆಯಲ್ಲಿ ಎದ್ದ ಉರಿಯಿಂದ ಊರಿನ ಒಲೆಗಳನ್ನೆಲ್ಲ ಒಂದು ವಾರ ಹೊತ್ತಿಸಬಹುದಿತ್ತು. ಇನ್ನು ಗೋಡೆಯ ಮೇಲೆ ವರ್ಷಾನುಗಟ್ಟಲೆ ಮೇಷ್ಟ್ರದ್ದು ತಲೆ, ತನ್ನದು ಜರಡಿ! ಮರುದಿನವೇ ಡಾಕ್ಟರಮ್ಮನ ಎದುರು ಕೂತು ಮೇಜು ಗುದ್ದಿದ.

"ನನ್ನ ಬೇರುಗಳನ್ನ ಅವರ ತಲೆಗೆ ನೆಟ್ಟಿದ್ದೀರಿ ನೀವು!"

ಡಾಕ್ಟರಮ್ಮ ನಗಲಿಲ್ಲ. ಭೂತಗನ್ನಡಿ ಹಿಡಿದು ನೆತ್ತಿಯನ್ನೆಲ್ಲ ನೋಡಿದರು. "ಎಲ್ಲಾ ಇಲ್ಲೇ ಇವೆ. ಅವರಿಗಿಂತ ನಿಮ್ಮ ತಲೇಲೇ ಕೂದಲು ಜಾಸ್ತಿ."

"ಮತ್ಯಾಕೆ ಕಾಣಲ್ಲ?"

"ನಿಮ್ಮ ನೆತ್ತಿ ಗೋಧಿ ಬಣ್ಣ, ಕೂದಲು ಕಪ್ಪು. ಎರಡಕ್ಕೂ ಹಗೆತನ. ಎಳೆ ಎಳೆಯ ನಡುವಿನ ಜಾಗ ಎದ್ದು ಕಾಣುತ್ತೆ. ಅವರದ್ದು ಬೂದಿ ಬಣ್ಣ, ಚರ್ಮದ ಜೊತೆ ಹೊಂದಿಕೊಂಡುಬಿಡುತ್ತೆ. ಕಡಿಮೆ ಇದ್ರೂ ತುಂಬಿದ ಹಾಗೆ ಕಾಣುತ್ತೆ. ನೀವು ಡೈ ಹಚ್ಚೋದು ಬಿಡಿ, ಸಾಕು."

"ಡೈ? ನಮ್ಮ ವಂಶದಲ್ಲೇ ಯಾರಿಗೂ ನರೆ ಬಂದಿಲ್ಲ ಡಾಕ್ಟ್ರೇ! ನಮ್ಮ ತಾತ ತೊಂಬತ್ತಾರನೇ ವಯಸ್ಸಲ್ಲಿ..."

ಡಾಕ್ಟರಮ್ಮ ಮೇಜಿನ ಮೇಲಿದ್ದ ಕನ್ನಡಿಯನ್ನು ಅವನತ್ತ ತಿರುಗಿಸಿದರು. ಪ್ರತಿ ಕರಿಕೂದಲಿನ ಬುಡದಲ್ಲೂ ಜೋಳದ ಕಾಳಿನಷ್ಟು ಬೂದಿ ಬಣ್ಣ ಕೂತಿತ್ತು. ತಾತನ ಕಥೆ ಅರ್ಧಕ್ಕೇ ನಿಂತಿತು.

ಇಪ್ಪತ್ತು ವರ್ಷಗಳಿಂದ ವಾರ ಬಿಟ್ಟು ವಾರ ಬಚ್ಚಲಮನೆಯ ಚಿಲಕ ಹಾಕಿ, ನಲ್ಲಿ ತಿರುಗಿಸಿಟ್ಟು, ಅಕ್ಕಪಕ್ಕದಲ್ಲಿ ಉಳಿದ ಕೂದಲಿಗೆ, ಈಚೆಗೆ ನೆಟ್ಟವಕ್ಕೂ ಕಪ್ಪು ಬಳಿದು ಕಾಪಾಡಿಕೊಂಡು ಬಂದ ಗುಟ್ಟು ಅದು. ನರೆಯಿಲ್ಲದ ವಂಶ ಎಂದು ಮದುವೆಗೆ ಹೆಣ್ಣು ಕೇಳಲು ಹೋದಾಗಲೇ ಕೊಚ್ಚಿಕೊಂಡಿದ್ದ. ಈಗ ಒತ್ತು ಕೂದಲು ಬೇಕೆಂದರೆ ಆ ಬಡಾಯಿಯನ್ನು ನುಂಗಬೇಕು. ಬಡಾಯಿ ಉಳಿಯಬೇಕೆಂದರೆ ಮೇಷ್ಟ್ರ ಪಕ್ಕದಲ್ಲಿ ಜರಡಿ ಹೊತ್ತು ನಿಲ್ಲಬೇಕು. ತೀರ್ಮಾನಕ್ಕೆ ಬರಲಾಗದೆ ಡೈ ಡಬ್ಬಿಯನ್ನು ಅಂಗಡಿಯ ಡ್ರಾಯರಿನಲ್ಲಿಟ್ಟು, ತಲೆಗೊಂದು ಬಟ್ಟೆಯ ಟೋಪಿ ಏರಿಸಿದ. ಬಣ್ಣ ಸಿಡಿಯುತ್ತೆ ಎಂದು ನೆಪ. ಊಟಕ್ಕೂ ಟೋಪಿ, ನಿದ್ದೆಗೂ ಟೋಪಿ. ಹೆಂಡತಿ ಏನೂ ಕೇಳಲಿಲ್ಲ. ಅದೇ ಅವನಿಗೆ ಅನುಮಾನ ಹುಟ್ಟಿಸಬೇಕಿತ್ತು.

ಫೋಟೋಗೆ ಎರಡು ದಿನವಿರುವಾಗ ಮೇಷ್ಟ್ರು ಅಂಗಡಿಗೆ ಬಂದರು. ಡಬ್ಬಿಗಳ ನಡುವೆ ನಿಂತು ಅತ್ತಿತ್ತ ನೋಡಿ ದನಿ ತಗ್ಗಿಸಿದರು.

"ಅಣ್ಣಾ, ನಗಬಾರದು. ನನಗೆ ನಿಮ್ಮ ಕಪ್ಪು ಬೇಕು."

"ನನ್ನ ಕಪ್ಪಾ?"

"ನಮ್ಮವಳು ಬೆಳಿಗ್ಗೆ ಎದ್ದರೆ ಅದೇ ರಾಗ. ಭಾವ ನಿಮಗಿಂತ ಐದು ವರ್ಷ ದೊಡ್ಡೋರು, ಒಂದು ನರೆಯಾದ್ರೂ ಇದೆಯಾ ನೋಡಿ, ಅಂತ. ನಿಮ್ಮ ಪಕ್ಕ ನಿಂತ್ರೆ ನಾನು ನಿಮ್ಮ ಚಿಕ್ಕಪ್ಪನ ಥರ ಕಾಣ್ತೀನಂತೆ. ನಿಜ ಹೇಳ್ಲಾ, ಹದಿನೈದು ವರ್ಷದಿಂದ ಹೊಟ್ಟೆ ಉರಿದು ಉರಿದು ಸಾಕಾಗಿದೆ. ನಿಮ್ಮಂಗಡೀಲಿ ಇಲ್ಲದ ಕಪ್ಪು ಲೋಕದಲ್ಲಿಲ್ಲ. ಒಳ್ಳೇದೊಂದು ಕೊಡಿ."

ಯಜಮಾನನಿಗೆ ಮೈಮೇಲೆ ಪನ್ನೀರು ಎರಚಿದ ಹಾಗಾಯಿತು. ಮೇಷ್ಟ್ರಿಗೆ ತನ್ನ ಮೇಲೆ ಹೊಟ್ಟೆಕಿಚ್ಚು! ಕೈ ತಾನಾಗಿ ಡ್ರಾಯರಿಗೆ ಹೋಗಿ ಡೈ ಡಬ್ಬಿಯನ್ನು ಹೊರತೆಗೆಯಿತು. ಆ ಸಾವಿರದ ಆರುನೂರು ಕೂದಲು ಕಪ್ಪಾದರೆ ಹೇಗೆ ಕಂಡೀತು ಎಂದು ಊಹಿಸಿಕೊಂಡ. ಮರುಭೂಮಿಯ ನಕ್ಷೆಯಲ್ಲಿ ಅಲ್ಲೊಂದು ಊರು, ಇಲ್ಲೊಂದು ಊರು. ಫೋಟೋದಲ್ಲಿ ಅದು ತಲೆತಲಾಂತರಕ್ಕೂ ತೂಗುತ್ತದೆ. ಅವನ ಎದೆ ತಕಥೈ ಎಂದು ಕುಣಿಯಿತು.

ಆದರೆ ಆ ಅಂಗಡಿಯಲ್ಲಿ ಒಂದು ರೂಢಿಯಿತ್ತು. ಗಿರಾಕಿಯ ಗೋಡೆಯ ಬಣ್ಣದ ಹಲಗೆಯ ಮೇಲೆ ಒಂದೆರಡು ಗೆರೆ ಎಳೆದು ತೋರಿಸದೆ ಯಜಮಾನ ಯಾರಿಗೂ ಬಣ್ಣ ಕೊಟ್ಟವನಲ್ಲ. ಮೂವತ್ತು ವರ್ಷದ ಅಭ್ಯಾಸ ಅವನ ಅಪ್ಪಣೆಗೆ ಕಾಯುತ್ತದೆಯೇ? ಎಡಗೈ ಗೋಧಿ ಬಣ್ಣದ ಹಲಗೆ ಎತ್ತಿತು, ಬಲಗೈ ಒಣ ಕುಂಚವನ್ನು ಕಪ್ಪಿಗೆ ಮುಟ್ಟಿಸಿ ಸರ್ರನೆ ಎಳೆಯಿತು. ಪಕ್ಕದಲ್ಲೇ ಅಷ್ಟೇ ಗೆರೆಗಳನ್ನು ಬೂದಿ ಬಣ್ಣದಲ್ಲೂ ಎಳೆಯಿತು. ಕಪ್ಪಿನಲ್ಲಿ ಹಲಗೆ ಸಂದಿ ಸಂದಿಗೂ ಹಲ್ಲು ಕಿಸಿಯಿತು. ಬೂದಿಯಲ್ಲಿ ಹಲಗೆ ಕಾಣಲೇ ಇಲ್ಲ.

ಯಜಮಾನ ನಾಲಗೆ ಕಚ್ಚಿಕೊಂಡ. ಮೇಷ್ಟ್ರು ಹಲಗೆ ನೋಡಿದರು. ಟೋಪಿ ನೋಡಿದರು. ಮತ್ತೆ ಹಲಗೆ ನೋಡಿದರು.

"ಅಣ್ಣಾ... ಸ್ವಲ್ಪ ಟೋಪಿ ತೆಗೀರಿ."

"ಗಾಳಿ ಜಾಸ್ತಿ ಇದೆ."

"ಅಂಗಡಿ ಒಳಗಾ?"

ಮೇಷ್ಟ್ರೇ ಕೈ ಚಾಚಿ ಟೋಪಿ ಕಿತ್ತರು. ಬುಡದಲ್ಲಿ ಬೆರಳಗಲ ಬೂದಿ, ಅದರ ಮೇಲೆ ಕಪ್ಪು. ಮೇಷ್ಟ್ರು ನಕ್ಕ ನಗುವಿಗೆ ಕಪಾಟಿನಿಂದ ಏಳು ಡಬ್ಬಿ ಬಿದ್ದವು, ಎದುರು ಬೀದಿಯ ಎರಡು ಬಾಗಿಲು ತಾವಾಗಿಯೇ ತೆರೆದುಕೊಂಡವು. "ಹದಿನೈದು ವರ್ಷ! ಈ ಡಬ್ಬಿಯ ಮೇಲಾ ನಾನು ಹೊಟ್ಟೆ ಉರಿಸಿಕೊಂಡಿದ್ದು!" ಎಂದು ಕಣ್ಣೊರೆಸಿಕೊಂಡರು. ನಗು ಥಟ್ಟನೆ ನಿಂತಿತು. ಬಗ್ಗಿ ಹತ್ತಿರದಿಂದ ನೋಡಿದರು. "ಬುಡದಲ್ಲಿ ಮಾತ್ರ... ಭಾರಿ ಒತ್ತಾಗಿದೆಯಲ್ಲ ಅಣ್ಣಾ?"

ಆ ಒಂದು ಪ್ರಶ್ನೆ ಸಾಕಾಯಿತು. ಅವರು ಹೋದ ಕೂಡಲೇ ಯಜಮಾನ ಅಂಗಡಿಗೆ ಬೀಗ ಜಡಿದು ಕ್ಷೌರದಂಗಡಿಗೆ ಹೋಗಿ, ಕಪ್ಪಿದ್ದಷ್ಟನ್ನೂ ಕತ್ತರಿಸಿಹಾಕಿಸಿದ. ಮನೆಯಲ್ಲಿ ಹೆಂಡತಿ ಒಮ್ಮೆ ತಲೆಯೆತ್ತಿ ನೋಡಿದಳು.

"ಅಂತೂ ದಿಂಬಿನ ಕವರು ಬದುಕ್ಕೊಳ್ತು."

"ನಿನಗೆ ಗೊತ್ತಿತ್ತಾ?"

"ಇಪ್ಪತ್ತು ವರ್ಷದಿಂದ ಕಪ್ಪು ಕಲೆ ಉಜ್ಜಿದವಳು ನಾನು ರೀ. ಪಾಪ, ಆಸೆ ಅಂತ ಸುಮ್ಮನಿದ್ದೆ."

ಫೋಟೋದ ದಿನ ಅತ್ತೆ ದೊಡ್ಡಳಿಯನ ತಲೆ ಸವರಿದಳು. ಮೂರು ಸಾವಿರ ಬೂದಿಗೂದಲು ಅಂಗೈ ಕೆಳಗೆ ಕಂಬಳಿಯಾಗಿ ಎದ್ದು ನಿಂತವು. "ಅಬ್ಬಾ, ಇದು ಚಿಕ್ಕಳಿಯಂದಿರದ್ದಕ್ಕಿಂತ ಒತ್ತು!" ಎಂದಳು. ಯಜಮಾನ ಆ ಮಾತನ್ನು ಕಿವಿಯಲ್ಲಿ ಕೇಳಲಿಲ್ಲ, ಬೊಗಸೆಯಲ್ಲಿ ಹಿಡಿದು ಕುಡಿದ.

ಆ ಫೋಟೋ ಈಗಲೂ ಪಡಸಾಲೆಯ ಗೋಡೆಯ ಮೇಲಿದೆ. ಅದರಲ್ಲಿ ಎಲ್ಲರೂ ಕ್ಯಾಮೆರಾ ನೋಡುತ್ತಿದ್ದಾರೆ, ಇಬ್ಬರ ಹೊರತು. ಮೇಷ್ಟ್ರ ಕಣ್ಣು ಓರೆಯಾಗಿ ಯಜಮಾನನ ಕೂದಲ ಮೇಲಿದೆ. ಯಜಮಾನನ ಕಣ್ಣು ಅತ್ತೆಯ ಕೈಯ ಮೇಲಿದೆ. ಅಷ್ಟೆಲ್ಲ ಹೊಗಳಿದ ಅತ್ತೆ ಕೈಯನ್ನು ಮಾತ್ರ ಮೇಷ್ಟ್ರ ಹೆಗಲ ಮೇಲೆ ಯಾಕಿಟ್ಟಳು ಎಂಬುದು ಅವನಿಗೆ ಈ ಹೊತ್ತಿಗೂ ಬಗೆಹರಿದಿಲ್ಲ.