ನೆಲಮಾಳಿಗೆಯ ಫ್ಯಾನು

ನಮ್ಮ ಕಡೆ ‘ನಡೀತೈತಿ’ ಎಂಬ ಒಂದೇ ಮಾತಿನಲ್ಲಿ ಸಂಸಾರ ಸಾಗಿಸಿಬಿಡುತ್ತಾರೆ. ಮಷೀನು ಓಡುತ್ತಿದ್ದರೂ ನಡೀತೈತಿ, ಓಡದಿದ್ದರೂ ಪರವಾಗಿಲ್ಲ ಎನ್ನಲಿಕ್ಕೂ ನಡೀತೈತಿ. ಇಳಕಲ್ಲಿನ ಯಂಕಪ್ಪನ ಸೀರೆ ಅಂಗಡಿಯಲ್ಲಿ ಈ ಮಾತು ಒಬ್ಬ ಹೆಂಗಸಿನ ಜೀವ ತೆಗೆಯಿತು.

ಮೂರು ಅಂತಸ್ತಿನ ಅಂಗಡಿ. ಕರೆಂಟ್ ಬಿಲ್ ಇಳಿಸಿಕೊಡುತ್ತೇನೆಂದು ನವನಗರದಿಂದ ಮತೀನ ಎಂಬ ಎಂಜಿನಿಯರ್ ಬಂದ. ಹಳೆಯ ಎಸಿ, ಲೈಟು ಬದಲಿಸಿದ. ಜೊತೆಗೊಂದು ಪೆಟ್ಟಿಗೆ ಕೂರಿಸಿದ. ಸಂಜೆ ಊರೆಲ್ಲ ಕರೆಂಟ್ ಎಳೆಯುವ ಹೊತ್ತಿಗೆ ಕರೆಂಟ್ ಕಂಪನಿಯಿಂದ ಸೂಚನೆ ಬಂದರೆ, ನಿಂತರೂ ತೊಂದರೆಯಿಲ್ಲದ ಯಂತ್ರಗಳನ್ನು ಅದು ಒಂದು ತಾಸು ತಾನೇ ನಿಲ್ಲಿಸುತ್ತದೆ. ಯಾವ್ಯಾವುದನ್ನು ಹಾಗೆ ನಿಲ್ಲಿಸಬಹುದು ಎಂದು ಮ್ಯಾನೇಜರ್ ಸೋಮಲಿಂಗನನ್ನು ಕೇಳುತ್ತ ಓಡಾಡಿದ.

“ಎಸಿ ಬಂದಾದ್ರ?”

“ನಡೀತೈತ್ರಿ.”

“ಬೋರ್ಡಿನ ಲೈಟು?”

“ಅದೂ ನಡೀತೈತಿ.”

ನೆಲಮಾಳಿಗೆಯಲ್ಲಿ ಜನರೇಟರಿನ ಹೊಗೆ ಹೊರಗೆಳೆಯುವ ದೊಡ್ಡ ಫ್ಯಾನಿತ್ತು. ಅದರಾಚೆ ಕೂತು ಮಾಸುಮಬಿ ಸೀರೆ ಸೆರಗುಗಳಿಗೆ ಗೊಂಡೆ ಕಟ್ಟುತ್ತಿದ್ದಳು. ಮತೀನ ಫ್ಯಾನಿನತ್ತ ಕೈ ಮಾಡಿ “ಇದು?” ಎಂದ. “ಅದು ನಡೀತೈತ್ರಿ,” ಎಂದ ಸೋಮಲಿಂಗ. ಅದು ಸದಾ ಓಡುತ್ತಿರುತ್ತದೆ, ಮುಟ್ಟಬೇಡಿ ಎಂದು ಅವನ ಅರ್ಥ. ನಿಂತರೂ ಅಡ್ಡಿಯಿಲ್ಲ ಎಂದು ತಿಳಿದ ಮತೀನ ಅದನ್ನೂ ಪೆಟ್ಟಿಗೆಗೆ ಜೋಡಿಸಿದ. ಮತ್ತೊಮ್ಮೆ ಕೇಳುವಷ್ಟು ಪುರುಸೊತ್ತು ಮಹಾರಾಯರಿಗೆ ಇರಲಿಲ್ಲ.

ಮದುವೆ ಸೀಸನ್ನಿನ ಒಂದು ಸಂಜೆ ಪೆಟ್ಟಿಗೆ ಮೊದಲ ಸಲ ಕೆಲಸ ಮಾಡಿತು. ಎಸಿ ನಿಂತವು, ಗಿರಾಕಿಗಳು ಬೆವತರು. ಯಂಕಪ್ಪನಿಗೆ ಉಳಿತಾಯವೂ ಬೇಕು, ತಂಪೂ ಬೇಕು. ಜನರೇಟರ್ ಚಾಲೂ ಮಾಡಿಸಿ ಎಸಿಗಳನ್ನು ಅದರ ಮೇಲೆ ಓಡಿಸಿದ. ಕೆಳಗೆ ಹೊಗೆಯ ಫ್ಯಾನು ನಿಂತೇ ಇತ್ತು.

ಮಾಸುಮಬಿ ಫೋನ್ ಮಾಡಿದಳು. “ಮ್ಯಾನೇಜರ್ರ, ಫ್ಯಾನ್ ನಿಂತೈತಿ. ತಲಿ ಭಾಳ ಸಿಡ್ಯಾಕತ್ತೈತಿ. ಮ್ಯಾಲ ಬರ್ಲೇನ್ರಿ?”

ಕೆಳಗಿನಿಂದ ಹೊರಬರಲು ಅಂಗಡಿಯೊಳಗಿನ ಮೆಟ್ಟಿಲೊಂದೇ ದಾರಿ. ಗಿರಾಕಿಗಳ ನಡುವೆ ಕೆಲಸದ ಹೆಂಗಸರು ಸುಳಿಯಬಾರದೆಂಬುದು ಯಂಕಪ್ಪನ ಕಟ್ಟಳೆ.

“ಈಗ ಬ್ಯಾಡ ಚಾಚಿ, ಗಿರಾಕಿ ಭಾಳ ಅದಾರ. ಒಂದೀಟು ತಡೀರಿ, ಫ್ಯಾನ್ ತಾನ ಚಾಲೂ ಆಗ್ತೈತಿ,” ಎಂದು ಸೋಮಲಿಂಗ ಮುಂದಿನ ಸೀರೆ ಬಿಚ್ಚಿದ.

ಫ್ಯಾನೇನೋ ಚಾಲೂ ಆಯಿತು. ಮಾಸುಮಬಿ ಏಳಲಿಲ್ಲ.

ದವಾಖಾನೆಯ ಅಂಗಳದಲ್ಲಿ ಮತೀನ, ಸೋಮಲಿಂಗ ಇಬ್ಬರೂ ‘ನಡೀತೈತಿ’ಯ ಅರ್ಥಕ್ಕೆ ಜಗಳಾಡಿದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಹೆಣದ ಮುಂದೆ ಅರ್ಥ ಬಿಡಿಸಿ ಏನು ಬಂತು? ಕೇಳಿದರೆ ಮೈ ಉರಿಯುತ್ತದೆ. ಕೊನೆಗೆ ಯಂಕಪ್ಪ ಉಪಾಯ ಹುಡುಕಿದ.

“ಆಕಿಗೆ ಕಾಲಿರಲಿಲ್ಲೇನು? ಹೊಗಿ ತುಂಬಿದ ಮ್ಯಾಲ ಎದ್ದು ಬರಬೇಕಿತ್ತು.”

ಜಗಳ ಅಲ್ಲಿಗೇ ನಿಂತಿತು. ಸತ್ತವಳ ಮೇಲೆ ತಪ್ಪು ಹೊರಿಸಿದರೆ ಉಳಿದವರಿಗೆಲ್ಲ ಹಗುರ.

ಮಾಸುಮಬಿಯ ಮಗಳು ಖುಶನುಮಾ ಗೋಡೆಗೆ ಒರಗಿ ಕೂತಿದ್ದಳು. ಯಂಕಪ್ಪನ ಕಡೆ ಅವಳು ನೋಡಲೂ ಇಲ್ಲ.

“ಸೋಮಲಿಂಗಣ್ಣ, ನಮ್ಮ ಅಮ್ಮಿ ಕೇಳಲಾರದ ನೀರು ಕುಡ್ಯಾಕೂ ಮ್ಯಾಲ ಬರ್ತಿರ್ಲಿಲ್ಲ. ಇವತ್ತೂ ಕೇಳಿರ್ತಾಳ.”

ಸೋಮಲಿಂಗ ಹೂಂ ಎಂದ.

“ನೀವೇನಂದ್ರಿ?”

ಯಂಕಪ್ಪ ಅವನ ತೋಳು ಹಿಡಿದು ಜಗ್ಗಿದ.

“ಬ್ಯಾಡ ಅಂದೆ,” ಎಂದ ಸೋಮಲಿಂಗ.