ಎಡಗೈಯ ಗಾರೆ

ಹಳ್ಳಿಯ ಅಂಚಿನ ಆ ಹಳೇ ತೋಟದ ಮನೆಯನ್ನು ಕಾಜಾ ಅಕ್ಕ ಕೊಂಡದ್ದು ಕಾಗದಪತ್ರ ನೋಡಿ ಅಲ್ಲ, ತಮ್ಮನ ಮಾತು ನಂಬಿ. ತಮ್ಮ ಗಾರೆ ಕೆಲಸದ ಮೇಸ್ತ್ರಿ. ಗಾರೆ ಮೆತ್ತುವ ಕರಣೆಯ ಹಿಡಿಯಿಂದ ಒಂದೊಂದು ಕೋಣೆಯ ಗೋಡೆಯನ್ನೂ ಕುಟ್ಟಿ, ಕಿವಿಗೊಟ್ಟು ಕೇಳಿ, “ಕಲ್ಲಿನ ಹಾಗಿದೆ ಅಕ್ಕ, ಕಣ್ಣು ಮುಚ್ಚಿಕೊಂಡು ತಗೋ” ಅಂದಿದ್ದ. ಅವಳು ಹಾಗೇ ಮಾಡಿದಳು. ಬೇರೆಯವರ ಹತ್ತಿರ ಒಂದು ಅಂಗಿ ಗುಂಡಿಯ ವಿಷಯದಲ್ಲೂ ಮೋಸಹೋಗದ ಹೆಂಗಸು, ತಮ್ಮನ ವಿಷಯಕ್ಕೆ ಬಂದರೆ ಬೆಳ್ಳಗಿರುವುದೆಲ್ಲ ಹಾಲು ಅನ್ನುವವಳು.

ಹೊಲಿಗೆ ಅಂಗಡಿಯಲ್ಲಿ ಮೂವತ್ತೆಂಟು ವರ್ಷ ಶರ್ಟಿನ ಗುಂಡಿಗಳಿಗೆ ಕಾಜಾ ಹಾಕಿದ್ದರಿಂದ ಅವಳಿಗೆ ಆ ಹೆಸರು ಬಂದಿತ್ತು. ಅಮ್ಮ ತೀರಿಕೊಂಡಾಗ ತಮ್ಮನಿಗೆ ಒಂಬತ್ತು ವರ್ಷ, ಇವಳಿಗೆ ಇಪ್ಪತ್ತು. ಎಡಗೈಯಲ್ಲಿ ಬರೆಯುತ್ತಾನೆಂದು ಮೇಷ್ಟ್ರು ಅವನ ಬೆರಳಿಗೆ ಬಾರಿಸಿದಾಗ ಶಾಲೆಗೇ ನುಗ್ಗಿ ಜಗಳ ಕಾದು ಬಂದಿದ್ದಳು. ಅವನನ್ನು ದಡ ಸೇರಿಸುವಷ್ಟರಲ್ಲಿ ತನ್ನ ಮದುವೆಯ ವಯಸ್ಸು ದಾಟಿತ್ತು. ಅದಕ್ಕೆ ಅವಳು ಯಾವತ್ತೂ ಕೊರಗಿದವಳಲ್ಲ. ಪಟ್ಟಣದಲ್ಲಿ ಅಮ್ಮ ಬಿಟ್ಟುಹೋದ ಮನೆಯಲ್ಲಿ ಅವಳಿಗೊಂದು ಕೋಣೆಯಿತ್ತು. ಉಳಿದದ್ದರಲ್ಲಿ ತಮ್ಮ, ಅವನ ಹೆಂಡತಿ, ಬೆಳೆದ ಇಬ್ಬರು ಹೆಣ್ಣುಮಕ್ಕಳು ಇಕ್ಕಟ್ಟಿನಲ್ಲಿದ್ದರು. ಕೆಲಸ ಬಿಟ್ಟ ಮೇಲೆ ಹಳ್ಳಿಯಲ್ಲಿರಬೇಕೆಂಬುದು ಅವಳ ಆಸೆ. ಹೊರಡುವ ಖುಷಿಯಲ್ಲಿ ಅವಳು ತನ್ನ ಪಾಲನ್ನೂ ಅವನ ಹೆಸರಿಗೆ ಬರೆದುಕೊಟ್ಟಳು.

ಹಳ್ಳಿ ಅವಳನ್ನು ಮೊದಮೊದಲು ಚೆನ್ನಾಗಿ ಆಟ ಆಡಿಸಿತು. ಬಾವಿಗೆ ಎರಡು ಕೊಡ ಬಲಿಯಾದವು. ಬೆಂಕಿಪೊಟ್ಟಣ ತರಲು ಒಂದು ಗಂಟೆ ನಡೆದು ಅಂಗಡಿಗೆ ಹೋದವಳು ಬೆಂಕಿಪೊಟ್ಟಣ ಒಂದನ್ನು ಬಿಟ್ಟು ಉಳಿದೆಲ್ಲ ತಂದಳು. ಪಕ್ಕದ ಮನೆಯ ಕೋಳಿ ಇವಳ ಹೊಲಿಗೆ ಬುಟ್ಟಿಯಲ್ಲಿ ಮೊಟ್ಟೆಯಿಟ್ಟು, ಮೊಟ್ಟೆ ಯಾರದೆಂದು ಎರಡು ದಿನ ಚರ್ಚೆಯಾಯಿತು. ಮೂರನೆಯ ತಿಂಗಳ ಹೊತ್ತಿಗೆ ಊರಿನವರ ಹರಿದ ಬಟ್ಟೆಗಳೆಲ್ಲ ಅವಳ ಜಗಲಿಗೆ ಬರತೊಡಗಿದವು. ಇನ್ನು ಇದೇ ನನ್ನ ಮನೆ ಅಂದುಕೊಂಡಳು.

ನಾಲ್ಕನೆಯ ತಿಂಗಳಲ್ಲಿ ಒಂದು ವಾರ ಬಿಡದೆ ಮಳೆ ಸುರಿಯಿತು. ಹಿಂದಿನ ಕೋಣೆಯ ಗೋಡೆ ಉಬ್ಬಿ, ಸುಣ್ಣ ಹಪ್ಪಳದ ಹಾಗೆ ಎದ್ದು ಉದುರಿತು. ಮಳೆ ಬಿಟ್ಟ ಸಂಜೆ ಕಿಟಕಿಯಿಂದ ಓರೆ ಬಿಸಿಲು ಆ ಗೋಡೆಯ ಮೇಲೆ ಬಿದ್ದಾಗ, ಕಸ ಗುಡಿಸುತ್ತಿದ್ದ ಅಕ್ಕ ಪೊರಕೆ ಹಿಡಿದು ನಿಂತಲ್ಲೇ ನಿಂತಳು. ಯಾವ ಕಾಜಾ ಯಾರ ಕೈಯದೆಂದು ದೂರದಿಂದಲೇ ಹೇಳುತ್ತಿದ್ದವಳು ಅವಳು. ಕರಣೆಯ ಗೀರುಗಳೆಲ್ಲ ಬಲದಿಂದ ಎಡಕ್ಕೆ ಹೋಗಿದ್ದವು. ಎಡಗೈಯವನ ಗಾರೆ, ಹೊಸ ಗಾರೆ.

ಲೋಕದಲ್ಲಿ ಎಡಚ ಮೇಸ್ತ್ರಿ ಅವನೊಬ್ಬನೇ ಏನು ಎಂದು ತನಗೆ ತಾನೇ ಗದರಿಕೊಂಡಳು. ಆದರೆ ಮೂಲೆಯಲ್ಲಿ, ಗಾರೆ ಮುಗಿಯುವ ಕಡೆ, ಹೆಬ್ಬೆರಳಿಂದ ಒತ್ತಿದ ಮೂರು ಗುಳಿಗಳಿದ್ದವು. ಕೆಲಸ ಕಲಿಯುತ್ತಿದ್ದ ಕಾಲದಿಂದ ತಮ್ಮನಿಗೆ ಅದೊಂದು ಚಾಳಿ. ಅಮ್ಮಂದೊಂದು, ಅಕ್ಕಂದೊಂದು, ನಂದೊಂದು ಅಂತ ಒತ್ತುತ್ತಿದ್ದ. ಕೈ ತನ್ನ ಪಾಡಿಗೆ ತಾನು ಒತ್ತಿಬಿಟ್ಟಿದೆ, ಪಾಪ. ಅವಳು ಕತ್ತರಿ ತಂದು ಗಾರೆ ಕೆರೆದಳು. ಒಳಗೆ ನೆಲದಿಂದ ಸೂರಿನವರೆಗೆ ಬಿರುಕು, ಅವಳ ಅಂಗೈ ಹಿಡಿಸುವಷ್ಟು ಅಗಲ. ಅಲ್ಲೇ ನೆಲದ ಮೇಲೆ ಕೂತು ಅತ್ತಳು. ಮನೆ ಹೋಯಿತಲ್ಲ ಎಂದು ಅಲ್ಲ.

ಹೇಳಿಕಳಿಸಿದ ಮೇಲೆ ಭಾನುವಾರ ತಮ್ಮ ಬಂದ. ಕೆರೆದ ಗೋಡೆ ನೋಡಿದ್ದೇ ತಡ, ಕೇಳುವ ಮೊದಲೇ ಅವನ ಮುಖ ಇಳಿಯಿತು.

“ಮನೆ ಮಾರುವವರು ಕರೆಸಿದ್ರು,” ಅಂದ. “ಮುಚ್ಚಿ ಕೊಡು ಅಂದ್ರು, ಮುಚ್ಚಿದೆ. ನೀನು ಆಮೇಲೆ ಮನೆ ಹುಡುಕೋಕೆ ಶುರು ಮಾಡ್ದೆ.”

“ಈ ಮನೆ ತೋರಿಸಿದ್ದು ಯಾರು?”

ತಮ್ಮ ಉದುರಿದ ಗಾರೆಯನ್ನು ಕಾಲಿಂದ ಮೂಲೆಗೆ ಸರಿಸತೊಡಗಿದ.

“ಬಾಯಿ ಬಿಟ್ಟು ಕೇಳಿದ್ರೆ ಕೋಣೆ ಬಿಟ್ಟುಕೊಡ್ತಿರ್ಲಿಲ್ವೇನೋ? ನಾನು ನಿನಗೆ ಯಾವುದಕ್ಕೆ ಇಲ್ಲ ಅಂದಿದ್ದೀನಿ?”

“ಹೇಗೆ ಕೇಳೋದು ಅಕ್ಕ.”

“ಸರಿ, ಇದು ರಿಪೇರಿ ಆಗೋವರೆಗೆ ಬಂದು ನನ್ನ ಕೋಣೆಯಲ್ಲಿ ಇರ್ತೀನಿ.”

ಅವನು ನೆಲ ನೋಡಿದ. “ಅದರ ಗೋಡೆ ಒಡೆದು ಹಾಲ್ ದೊಡ್ಡದು ಮಾಡಿದ್ವಿ.”

“ಯಾವಾಗ?”

“ನೀನು ಇಲ್ಲಿಗೆ ಬಂದ ವಾರ.”

ಮುಂದಿನ ಮಾತನ್ನು ಅವನು ಆಡದಿದ್ದರೆ ಅಕ್ಕ ಅದನ್ನೂ ನುಂಗಿಕೊಳ್ಳುತ್ತಿದ್ದಳೇನೋ. ನುಂಗಿ ಅಭ್ಯಾಸವಿದ್ದ ಜೀವ. ಅವನು ಸಮಾಧಾನ ಹೇಳಲು ಹೊರಟ.

“ಕೆಟ್ಟ ಕೆಲಸ ಮಾಡಿಲ್ಲ ಅಕ್ಕ. ಹತ್ತು ವರ್ಷ ತಡೆಯೋ ಹಾಗೇ ಮಾಡಿದ್ದೆ. ಈ ಸಲ ಮಳೆ ಜಾಸ್ತಿ ಆಯ್ತು, ಅಷ್ಟೇ. ನಿನಗೂ ಅರವತ್ತೆರಡು ಆಯ್ತಲ್ಲ, ಹತ್ತು ವರ್ಷ ಅಂದ್ರೆ...”

ಅಷ್ಟಕ್ಕೇ ನಿಲ್ಲಿಸಿದ. ನಿಲ್ಲಿಸಿದ್ದು ತಡವಾಗಿತ್ತು. ಸಾಕಿದ ಅಕ್ಕನ ಆಯುಸ್ಸಿಗೆ ಸರಿಯಾಗಿ ಗಾರೆ ಕಲಸಿದ್ದ ಪುಣ್ಯಾತ್ಮ. ಅಕ್ಕ ಅವನ ಎಡಗೈಯನ್ನೇ ನೋಡಿದಳು.

“ನಾನೇ ಬಂದು ಸರಿ ಮಾಡಿಕೊಡ್ತೀನಿ,” ಅಂದ ಅವನು.

“ಬೇಡ. ಇಲ್ಲಿಯವರಿಗೆ ಹೇಳಿದ್ದೀನಿ. ನೀನು ಹೊರಡು, ಬಸ್ಸು ತಪ್ಪುತ್ತೆ.”

ಬಾಗಿಲವರೆಗೂ ಅವಳು ಹೋಗಲಿಲ್ಲ. ಯಾವಾಗಲೂ ಹೋಗುತ್ತಿದ್ದಳು.

ಮಧ್ಯಾಹ್ನ ಊರಿನ ಮುದುಕ ಮೇಸ್ತ್ರಿ ಬಂದ. ಬಿರುಕಿಗೆ ಕೈ ಹಾಕಿ ನೋಡಿದ, ಉಳಿದ ಗಾರೆಯ ಮೇಲೆ ಬೆರಳಾಡಿಸಿದ, ತಲೆ ಆಡಿಸಿದ.

“ಪೂರ್ತಿ ಕೆಡವಿ ಕಟ್ಬೇಕಮ್ಮ. ಆದರೂ ಮುಚ್ಚಿದವನು ಒಳ್ಳೇ ಕೆಲಸಗಾರ, ಸುಳ್ಳು ಹೇಳ್ಬಾರ್ದು. ಯಾರು ಇವನು? ನಿಮಗೆ ಗೊತ್ತಿರೋನಾ?”

“ಇಲ್ಲ,” ಅಂದಳು ಕಾಜಾ ಅಕ್ಕ. “ಯಾರೋ ಹೊರಗಿನವನಂತೆ.”